ಪ್ರಶಸ್ತಿ ನುಂಗಿದ ಚಿತ್ರಗಳು, ಹಾಡು ನುಂಗಿದ ಚಿತ್ರಗಳು

ಪ್ರಶ್ನೆ: ನನಗೆ 27 ವರ್ಷ. 'ಘಟಶ್ರಾದ್ಧ'ವನ್ನು ಹೊಸದಾಗಿ ಸರಿಪಡಿಸಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ ಸುದ್ದಿ ಓದಿದ ಮೇಲೆ ಹಳೆಯ ಕನ್ನಡ ಸಿನಿಮಾ ನೋಡುವ ಆಸೆ ಹುಟ್ಟಿದೆ. ಆದರೆ ನಮ್ಮಪ್ಪ, "ಅವಾರ್ಡ್ ಪಿಕ್ಚರ್ ಅಂದ್ರೆ ಒಂದು ಲಾಟೀನು, ಒಂದು ಎತ್ತಿನ ಗಾಡಿ, ಹತ್ತು ನಿಮಿಷ ಯಾರೂ ಮಾತಾಡಲ್ಲ" ಎಂದು ನಗಾಡುತ್ತಾರೆ. ಅದೇ ಅಪ್ಪ ದಿನಾ ಬೆಳಿಗ್ಗೆ 'ತೇರಾ ಏರಿ ಅಂಬರದಾಗೆ' ಗುನುಗುತ್ತಾರೆ. ಆ ಸಿನಿಮಾದ ಕಥೆ ಏನು ಎಂದರೆ ನೆನಪಿಲ್ಲ ಅನ್ನುತ್ತಾರೆ. ಕ್ಲಾಸಿಕ್ ಅಂದರೆ ಪ್ರಶಸ್ತಿ ಬಂದದ್ದು ಮಾತ್ರವೇ? ನೀವು ಮೆಚ್ಚಿದ, ಆದರೆ ಜನ ಮರೆತಿರುವ ಚಿತ್ರಗಳು ಯಾವುವು? ಎಲ್ಲಿಂದ ಶುರು ಮಾಡಲಿ? ಆದರೆ ಅಪ್ಪನ ಜೊತೆಗೇ ನೋಡಬೇಕು.
(ದಾವಣಗೆರೆಯ ಓದುಗರೊಬ್ಬರು)

ಉತ್ತರ: ನಿಮ್ಮ ತಂದೆಯವರನ್ನು ಮೊದಲು ಬಿಟ್ಟುಬಿಡಿ, ಅವರ ತಪ್ಪೇನೂ ಇಲ್ಲ. ಅವರ ವಯಸ್ಸಿನ ಬಹಳಷ್ಟು ಜನ ಈ ಚಿತ್ರಗಳನ್ನು ನೋಡಿದ್ದು ಥಿಯೇಟರಿನಲ್ಲಲ್ಲ. ಎಂಬತ್ತರ ದಶಕದಲ್ಲಿ ದೂರದರ್ಶನ ಭಾನುವಾರ ಮಧ್ಯಾಹ್ನ ಒಂದೊಂದು ವಾರ ಒಂದೊಂದು ಭಾಷೆಯ ಪ್ರಶಸ್ತಿ ಚಿತ್ರ ಹಾಕುತ್ತಿತ್ತು. ಭಾನುವಾರದ ಊಟ ಆಗಿದೆ, ಕಣ್ಣು ಎಳೆಯುತ್ತಿದೆ, ಟೀವಿ ಚಿಕ್ಕದು, ಚಿತ್ರ ಕಪ್ಪು ಬಿಳುಪಿನದು, ಆಂಟೆನಾ ಗಾಳಿಗೆ ತಿರುಗಿ ಪರದೆ ತುಂಬ ಚುಕ್ಕೆ. ಹಾಗೆ ನೋಡಿದರೆ ಯಾವ ಚಿತ್ರವಾದರೂ ಲಾಟೀನು ಮತ್ತು ಎತ್ತಿನ ಗಾಡಿಯೇ.

ಎಪ್ಪತ್ತರ ದಶಕವೊಂದರಲ್ಲೇ ಕನ್ನಡಕ್ಕೆ ದೇಶದ ಅತ್ಯುತ್ತಮ ಚಿತ್ರ ಎಂಬ ಗೌರವ ಮೂರು ಸಲ ಬಂತು: 'ಸಂಸ್ಕಾರ' (1970), 'ಚೋಮನ ದುಡಿ' (1975), 'ಘಟಶ್ರಾದ್ಧ' (1977). ನನ್ನ ಪ್ರಕಾರ ಕನ್ನಡದಲ್ಲಿ ನಿಜಕ್ಕೂ ಮರೆತುಹೋಗಿರುವ ಚಿತ್ರಗಳ ಪಟ್ಟಿಯಲ್ಲಿ ಮೊದಲು ಬರಬೇಕಾದವು ಈ ಮೂರು. ನಗಬೇಡಿ. ಕ್ವಿಜ್ಜಿನಲ್ಲಿ ಕೇಳಿದರೆ ನಿರ್ದೇಶಕರ ಹೆಸರು, ಕಾದಂಬರಿಕಾರರ ಹೆಸರು, ಇಸವಿ ಎಲ್ಲ ಪಟಪಟನೆ ಹೇಳುವವರು ಸಿಗುತ್ತಾರೆ. ನೋಡಿದ್ದೀರಾ ಎಂದರೆ, "ನೋಡಬೇಕು ಸಾರ್." ಪ್ರಶಸ್ತಿ ಬಂದ ಚಿತ್ರವನ್ನು ಗೌರವಿಸಿದರೆ ಸಾಕು, ನೋಡಬೇಕಾಗಿಲ್ಲ ಎಂಬ ಒಂದು ಒಪ್ಪಂದ ನಮ್ಮೊಳಗೆ ಆಗಿಹೋಗಿದೆ.

ಇನ್ನೊಂದು ಬಗೆಯ ಮರೆವೂ ಇದೆ. ಇಡೀ ಚಿತ್ರ ಕರಗಿಹೋಗಿ ಒಂದು ಹಾಡೋ ಒಂದು ದೃಶ್ಯವೋ ಮಾತ್ರ ಉಳಿಯುವುದು. ನಿಮ್ಮ ತಂದೆ ಗುನುಗುವ, 'ಪರಸಂಗದ ಗೆಂಡೆತಿಮ್ಮ' ಚಿತ್ರದ ಹಾಡು ಅಂಥದ್ದು, ಅದಕ್ಕೆ ಆಮೇಲೆ ಬರುತ್ತೇನೆ. 'ನಾಂದಿ' (1964) ಎಂದರೆ ಇವತ್ತು 'ಹಾಡೊಂದ ಹಾಡುವೆ ನೀ ಕೇಳು ಮಗುವೆ', ಅಷ್ಟೇ. ಆರ್.ಎನ್. ಜಯಗೋಪಾಲ್ ಬರೆದು, ವಿಜಯಭಾಸ್ಕರ್ ರಾಗ ಹಾಕಿ, ಪಿ.ಬಿ. ಶ್ರೀನಿವಾಸ್ ಹಾಡಿದ್ದು. ಆದರೆ ಎನ್. ಲಕ್ಷ್ಮೀನಾರಾಯಣ್ ಆ ಚಿತ್ರ ಮಾಡಿದ್ದು ಕಿವಿ ಕೇಳದ, ಮಾತು ಬಾರದ ಹೆಣ್ಣಿನ ಸಂಸಾರದ ಬಗ್ಗೆ. ಕೇಳಿಸದವಳ ಕಥೆ ನಮಗೆ ಹಾಡಾಗಿ ಮಾತ್ರ ನೆನಪಿರುವುದು ವಿಚಿತ್ರ. ಪೌರಾಣಿಕ, ಐತಿಹಾಸಿಕ ಪಾತ್ರಗಳಿಂದ ಆಗಲೇ ಮನೆಮಾತಾಗಿದ್ದ ರಾಜ್‌ಕುಮಾರ್ ಇಲ್ಲಿ ಒಬ್ಬ ಸಾಧಾರಣ ಮೇಷ್ಟರು. ಕಿರೀಟವಿಲ್ಲ, ಗದೆಯಿಲ್ಲ, ದನಿ ಏರಿಸುವ ಸಂದರ್ಭವೂ ಇಲ್ಲ. ಕಲಾತ್ಮಕ ಚಿತ್ರಗಳ ಹೊಸ ಅಲೆ ಎಂಬುದು 1970ರಲ್ಲಿ ಒಮ್ಮೆಲೇ ಬಂದಪ್ಪಳಿಸಿತೆಂದು ಬರೆಯುವವರು ಈ ಲಕ್ಷ್ಮೀನಾರಾಯಣ್ ಅವರನ್ನು ಎರಡು ಸಾಲಿನಲ್ಲಿ ಮುಗಿಸುತ್ತಾರೆ. ಚದುರಂಗರ 'ಉಯ್ಯಾಲೆ', ತೇಜಸ್ವಿಯವರ 'ಅಬಚೂರಿನ ಪೋಸ್ಟಾಫೀಸು', ಪುಟ್ಟ ಪುನೀತ್‌ಗೆ ರಾಷ್ಟ್ರಪ್ರಶಸ್ತಿ ತಂದ 'ಬೆಟ್ಟದ ಹೂವು', ಇವೆಲ್ಲ ಅವರವೇ. ನನ್ನನ್ನು ಕೇಳಿದರೆ ಕನ್ನಡದಲ್ಲಿ ಅತಿ ಹೆಚ್ಚು ಅನ್ಯಾಯವಾಗಿರುವ ನಿರ್ದೇಶಕ ಅವರು. ಆಗಿನ ನಿರ್ಮಾಪಕರ ಕಣ್ಣಿಗೆ ತೀರಾ ಮೆತ್ತಗೆ, ಆಮೇಲಿನ ವಿಮರ್ಶಕರ ಕಣ್ಣಿಗೆ ತೀರಾ ಮನೆ-ಸಂಸಾರದ್ದು.

ಕಲಾತ್ಮಕ, ಕಮರ್ಷಿಯಲ್ ಎಂದು ಎರಡು ಕೋಣೆ ಮಾಡಿ ನಡುವೆ ಗೋಡೆ ಕಟ್ಟಿದ್ದರಿಂದ ಆದ ಅನ್ಯಾಯ ಇದು. ಆ ಗೋಡೆ ನಮ್ಮ ತಲೆಯೊಳಗೆ ಇದ್ದಷ್ಟು ಗಟ್ಟಿಯಾಗಿ ಸೆಟ್ಟಿನಲ್ಲಿ ಇರಲಿಲ್ಲ. ವಿಷ್ಣುವರ್ಧನ್ ಬಣ್ಣ ಹಚ್ಚಿದ್ದು ಬಿ.ವಿ. ಕಾರಂತ ಮತ್ತು ಗಿರೀಶ ಕಾರ್ನಾಡರ 'ವಂಶವೃಕ್ಷ'ದಲ್ಲಿ, 'ನಾಗರಹಾವು' ಆಮೇಲಿನದು. ಶಂಕರ್ ನಾಗ್ ಮೊದಲು ಪರದೆಗೆ ಬಂದದ್ದು ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' (1978) ಚಿತ್ರದ ಬಾಡಿಗೆ ಯೋಧನಾಗಿ. ಆಟೋ ಓಡಿಸಿದ್ದು ನಂತರ.

ಹಾಗಾಗಿ ನಾನು ಪಟ್ಟಿ ಕೊಡುವುದಿಲ್ಲ, ಜೋಡಿ ಕೊಡುತ್ತೇನೆ. ಗೋಡೆಯ ಆಚೆಗೊಂದು, ಈಚೆಗೊಂದು.

ಮೊದಲ ಜೋಡಿ: 'ಸಂಸ್ಕಾರ' ಮತ್ತು 'ಭೂತಯ್ಯನ ಮಗ ಅಯ್ಯು'. ಒಂದು ಯು.ಆರ್. ಅನಂತಮೂರ್ತಿಯವರ ಕಾದಂಬರಿ, ಪಟ್ಟಾಭಿರಾಮ ರೆಡ್ಡಿ ನಿರ್ದೇಶನ, ಟಾಮ್ ಕೋವನ್ ಎಂಬ ಆಸ್ಟ್ರೇಲಿಯಾದವನ ಕ್ಯಾಮೆರಾ, ರಾಜೀವ ತಾರಾನಾಥರ ಸಂಗೀತ. ಮೊದಲು ಸೆನ್ಸಾರಿನವರು ತಡೆದು, ಆಮೇಲೆ ಬಿಟ್ಟದ್ದು. ಇನ್ನೊಂದು ಗೊರೂರರ ಕಥೆ, 'ಬಂಗಾರದ ಮನುಷ್ಯ' ಮಾಡಿದ ಸಿದ್ಧಲಿಂಗಯ್ಯನವರ ನಿರ್ದೇಶನ, 1974ರಲ್ಲಿ ಜನ ಮುಗಿಬಿದ್ದು ನೋಡಿದ್ದು. ಈ ಎರಡನ್ನು ಯಾರೂ ಒಂದೇ ಉಸಿರಿನಲ್ಲಿ ಹೇಳುವುದಿಲ್ಲ. ಆದರೆ ಎರಡೂ ಕಥೆಗಳ ಗಂಟು ಒಂದು ಹೆಣ. ಊರಿನ ಯಾರೂ ಹೆಗಲು ಕೊಡದ ಹೆಣ.

ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ (ಪಿ. ಲಂಕೇಶ್ ಈ ಪಾತ್ರ ಮಾಡಿದ್ದಾರೆ, ಬದುಕಿದ್ದಾಗಿನ ನಾಲ್ಕು ಗಳಿಗೆ ಕಾಣಿಸಿದರೂ ಮರೆಯಲಾಗುವುದಿಲ್ಲ). ಕುಡಿದವನು, ಮಾಂಸ ತಿಂದವನು, ಚಂದ್ರಿಯನ್ನು ಇಟ್ಟುಕೊಂಡವನು. ಅವನ ಶವಸಂಸ್ಕಾರ ಮಾಡುವವರು ಯಾರು ಎಂಬುದು ತೀರ್ಮಾನವಾಗದೆ ಯಾರ ಮನೆಯಲ್ಲೂ ಒಲೆ ಹಚ್ಚುವಂತಿಲ್ಲ. ಪ್ರಾಣೇಶಾಚಾರ್ಯರು ಗ್ರಂಥ ತಿರುವುತ್ತಾರೆ, ಉಳಿದವರು ಹಸಿಯುತ್ತಾರೆ. ಇಲಿ ಸಾಯುತ್ತವೆ, ಹದ್ದು ಇಳಿಯುತ್ತವೆ. ದೊಡ್ಡ ಧರ್ಮಸೂಕ್ಷ್ಮದ ಚಿತ್ರ ಎಂದು ಇದನ್ನು ಹೇಳಿ ಹೇಳಿ ಅದರೊಳಗಿನ ಹೊಟ್ಟೆ ಹಸಿವನ್ನೇ ನಾವು ಮುಚ್ಚಿಬಿಟ್ಟಿದ್ದೇವೆ. ಇನ್ನೊಮ್ಮೆ ನೋಡುವಾಗ ಮಾತು ಬಿಟ್ಟು ಮುಖಗಳನ್ನು ನೋಡಿ: ಹೆಣ ಯಾವಾಗ ಎದ್ದೀತು, ಊಟ ಯಾವಾಗ ಆದೀತು ಎಂಬ ಲೆಕ್ಕ ಆ ಮುಖಗಳಲ್ಲಿದೆ. ಒಂದು ಬಗೆಯಲ್ಲಿ ಇದು ಕಪ್ಪು ಹಾಸ್ಯದ ಚಿತ್ರ. ನಗು ಬಂದರೆ ನಗಿ, ಯಾರೂ ಏನೂ ಅನ್ನುವುದಿಲ್ಲ. ಕೊನೆಗೆ ಆ ಹೆಣವನ್ನು ಸುಡಿಸುವ ಧೈರ್ಯ ಮಾಡುವವಳು ಚಂದ್ರಿ. ಆ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿ ತುರ್ತು ಪರಿಸ್ಥಿತಿಯಲ್ಲಿ ಜೈಲು ಸೇರಿ, ಆರೋಗ್ಯ ಕೆಟ್ಟು, 1977ರ ಜನವರಿಯಲ್ಲಿ ತೀರಿಕೊಂಡರು. ಅದು ತಿಳಿದ ಮೇಲೆ ಆಕೆಯ ಮೌನದ ದೃಶ್ಯಗಳನ್ನು ಮೊದಲಿನ ಹಾಗೆ ನೋಡಲು ನನ್ನಿಂದ ಆಗಿಲ್ಲ.

ಈಗ 'ಅಯ್ಯು'ಗೆ ಬನ್ನಿ. ಭೂತಯ್ಯ ಬಡ್ಡಿ, ದಬ್ಬಾಳಿಕೆಗಳಿಂದ ಊರನ್ನೇ ಹಿಂಡಿದವನು, ಎಂ.ಪಿ. ಶಂಕರ್. ಅವನು ಸತ್ತಾಗ ಹೆಣಕ್ಕೆ ಹೆಗಲು ಕೊಡಲು ಊರಿನವರು ಬರುವುದಿಲ್ಲ. ಅಲ್ಲಿ ಶಾಸ್ತ್ರ ಅಡ್ಡ ಬಂದಿತ್ತು, ಇಲ್ಲಿ ಅಡ್ಡ ಬಂದದ್ದು ಹಗೆ. ಮಗ ಅಯ್ಯುವಿನ ಎದೆಯಲ್ಲಿ ಆ ದಿನ ಏನು ಹೆಪ್ಪುಗಟ್ಟುತ್ತದೋ ಅದೇ ಮುಂದಿನ ಇಡೀ ಚಿತ್ರ: ಅದೇ ಊರಿನ ಗುಳ್ಳನ ಜೊತೆ ಜಿದ್ದು, ಕೋರ್ಟಿನ ಮೆಟ್ಟಿಲು, ಸೇಡು, ಕೊನೆಗೆ ಊರನ್ನೇ ನುಂಗುವ ನೆರೆ. ಚಿಕ್ಕಮಗಳೂರು ಕಡೆಯ ಕಳಸಾಪುರದಲ್ಲಿ ತೆಗೆದದ್ದರಿಂದ ಗದ್ದೆ, ಮನೆ, ಜಗಲಿ ಯಾವುದೂ ಸೆಟ್ಟಿನ ವಾಸನೆ ಹೊಡೆಯುವುದಿಲ್ಲ. ಆದರೆ ಚಿತ್ರದ ಹೆಸರು ಹೇಳಿದ ಕೂಡಲೇ ಜನ ನೆನೆಯುವುದು ಲೋಕನಾಥ್ ಉಪ್ಪಿನಕಾಯಿ ತಿನ್ನುವುದನ್ನು! ದೃಶ್ಯ ಚೆನ್ನಾಗಿದೆ, ಅನುಮಾನವಿಲ್ಲ. ಆದರೆ ತಂದೆಯ ಪಾಪಕ್ಕೆ ಮಗ ಎಷ್ಟು ಕಾಲ ಬಾಧ್ಯ ಎಂಬ ಪ್ರಶ್ನೆ ಆ ಭರಣಿಯಲ್ಲಿ ಮುಳುಗಿಹೋಗಿದೆ.

ಒಂದು ವಾರದ ಅಂತರದಲ್ಲಿ ಇವೆರಡನ್ನೂ ನೋಡಿ. 'ಅಯ್ಯು'ವಿನಲ್ಲಿ ಗದ್ದಲ ಹೆಚ್ಚು, ಕೊನೆಯ ಒಂದು ಗಂಟೆಯನ್ನು ಸ್ವಲ್ಪ ಕತ್ತರಿಸಬಹುದಿತ್ತು ಅನ್ನಿಸುತ್ತದೆ. 'ಸಂಸ್ಕಾರ'ದಲ್ಲಿ ಕೆಲವು ಮಾತು ಪುಸ್ತಕದಿಂದ ನೇರವಾಗಿ ಎದ್ದು ಬಂದಂತಿವೆ. ಒಂದರ ಕೊರತೆ ಇನ್ನೊಂದರ ಪಕ್ಕ ಇಟ್ಟಾಗಲೇ ಸರಿಯಾಗಿ ಕಾಣುವುದು.

ಅಯ್ಯು ಆಗಿದ್ದವರು ಲೋಕೇಶ್. ನಿಮ್ಮ ಪ್ರಶ್ನೆಗೆ ನನ್ನ ನಿಜವಾದ ಉತ್ತರ ಇವರು. ಎಲ್ಲಿಂದ ಶುರು ಮಾಡಲಿ ಎಂದಿರಲ್ಲ, ಇವರ ಬೆನ್ನು ಹಿಡಿಯಿರಿ. ಇವರ ತಂದೆ ಸುಬ್ಬಯ್ಯ ನಾಯ್ಡು, 1934ರಲ್ಲಿ ಬಂದ ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ'ದ ನಾಯಕ. ಆ ಚಿತ್ರ ಈಗ ಇಲ್ಲ. ಒಂದು ಪ್ರಿಂಟೂ ಉಳಿದಿಲ್ಲ. ಕೊಲ್ಹಾಪುರದಲ್ಲಿ ತೆಗೆದು ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದ ಚಿತ್ರವನ್ನು ಇವತ್ತು ಫೋಟೋಗಳಲ್ಲಿ, ನೆನಪಿನ ಬರಹಗಳಲ್ಲಿ ಮಾತ್ರ ನೋಡಬಹುದು. ಆ ಕಾಲದ ನೈಟ್ರೇಟ್ ಫಿಲ್ಮ್ ಬೆಂಕಿಗೆ ಬಲು ಹತ್ತಿರ. ಹಳತಾದ ಮೇಲೆ ಬೆಳ್ಳಿಯ ಅಂಶ ತೆಗೆಯಲೆಂದು ಫಿಲ್ಮನ್ನು ತೂಕಕ್ಕೆ ಮಾರುತ್ತಿದ್ದದ್ದೂ ಉಂಟು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಹುಟ್ಟಿದ್ದೇ 1964ರಲ್ಲಿ, ಅಷ್ಟರಲ್ಲಿ ಹೋಗುವುದೆಲ್ಲ ಹೋಗಿತ್ತು.

ಮಗನ ಕೆಲಸ ನಮಗೆ ಸಿಗುತ್ತದೆ, ಅದೇ ಪುಣ್ಯ. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಗಳಿಂದ ಬಂದ ಮೂರು ಚಿತ್ರಗಳನ್ನು ತೆಗೆದುಕೊಳ್ಳಿ: ಕಾರ್ನಾಡರ 'ಕಾಡು' (1973), ಮಾರುತಿ ಶಿವರಾಂ ಅವರ 'ಪರಸಂಗದ ಗೆಂಡೆತಿಮ್ಮ' (1978), ಸ್ವತಃ ಲೋಕೇಶ್ ನಿರ್ದೇಶಿಸಿದ 'ಭುಜಂಗಯ್ಯನ ದಶಾವತಾರ' (1991). ಮೂರರಲ್ಲೂ ಲೋಕೇಶ್ ಇದ್ದಾರೆ. ಮೊದಲನೆಯದು ಪ್ರಶಸ್ತಿಯ ಕೋಣೆಗೆ ಹೋಯಿತು, ಎರಡನೆಯದು ಹಾಡಿನ ಕೋಣೆಗೆ, ಮೂರನೆಯದು ಎಲ್ಲಿಗೂ ಹೋಗಲಿಲ್ಲ. ಆಲನಹಳ್ಳಿಯವರು ಆ ಮೂರನೆಯದನ್ನು ನೋಡಲೂ ಇಲ್ಲ, 1989ರಲ್ಲೇ, ಇನ್ನೂ ನಲವತ್ತರ ಆಸುಪಾಸಿನಲ್ಲಿ ತೀರಿಕೊಂಡರು. ಒಬ್ಬ ಲೇಖಕ, ಒಬ್ಬ ನಟ, ಅದೇ ಮೈಸೂರು ಸೀಮೆಯ ಹಳ್ಳಿ. ನಡುವೆ ಗೋಡೆ ಎಲ್ಲಿ ಬಂತು, ನೀವೇ ಹುಡುಕಿ.

'ಗೆಂಡೆತಿಮ್ಮ'ನ ಬಗ್ಗೆ ನಿಮ್ಮ ತಂದೆಗಾಗಿ ಎರಡು ಮಾತು ಹೆಚ್ಚು ಹೇಳಬೇಕು. ದೊಡ್ಡರಂಗೇಗೌಡರ ಸಾಲು, ರಾಜನ್ ನಾಗೇಂದ್ರರ ರಾಗ, ಎಸ್.ಪಿ. ಬಾಲಸುಬ್ರಹ್ಮಣ್ಯಂ ದನಿ, ಬೆಳಗಿನ ಸೂರ್ಯ. ಆ ಹಾಡು ಕೇಳಿದವರು ಇದೊಂದು ಹಳ್ಳಿಯ ಸೊಬಗಿನ ಚಿತ್ರ ಅಂದುಕೊಳ್ಳುತ್ತಾರೆ. ಕಥೆ ಹಾಗಿಲ್ಲ. ಗೆಂಡೆತಿಮ್ಮ ಸಾಮಾನು ಹೊತ್ತು ಹಳ್ಳಿಹಳ್ಳಿ ತಿರುಗಿ ಮಾರುವವನು. ಪೇಟೆಯ ಸೋಪು, ಪೌಡರಿನ ಜೊತೆಗೆ ಪೇಟೆಯ ಆಸೆಯನ್ನೂ ಊರಿಗೆ ತರುವವನು. ತಾನು ತಂದದ್ದು ತನ್ನ ಮನೆಯ ಹೊಸ್ತಿಲನ್ನೂ ದಾಟುತ್ತದೆ ಎಂದು ಅವನಿಗೆ ಹೊಳೆಯುವುದಿಲ್ಲ. ಹೆಂಡತಿ ಮರಂಕಿಯ (ರೀಟಾ ಅಂಚನ್) ಮನಸ್ಸು ಕಣ್ಣೆದುರೇ ಕೈ ಜಾರುತ್ತದೆ. ಲೋಕೇಶ್ ಈ ಪಾತ್ರವನ್ನು ಮಾಡಿರುವುದು ಹೆಚ್ಚಾಗಿ ನಡಿಗೆಯಲ್ಲಿ. ಹೊರೆ ಹೊತ್ತವನ ಕುತ್ತಿಗೆ ಹೇಗಿರುತ್ತದೆ, ಹೊರೆ ಇಳಿಸಿದ ಮೇಲೂ ಅದು ಹೇಗೆ ಹಾಗೇ ಉಳಿದಿರುತ್ತದೆ, ಗಮನಿಸಿ. 'ಅಯ್ಯು'ವಿನಲ್ಲಿ ಅದೇ ಮನುಷ್ಯ ಎದೆ ಸೆಟೆಸಿ ನಿಂತದ್ದನ್ನು ನೋಡಿದವರಿಗೆ ಇವರಿಬ್ಬರೂ ಒಬ್ಬರೇ ಎಂದು ನಂಬುವುದು ಕಷ್ಟ. ಮಾಸ್ತಿಯವರ ನಾಟಕದಿಂದ ಸಿ.ಆರ್. ಸಿಂಹ ಮಾಡಿದ 'ಕಾಕನಕೋಟೆ' (1977) ಸಿಕ್ಕರೆ ಅದನ್ನೂ ಬಿಡಬೇಡಿ. ಅದನ್ನೂ ಒಂದು ಹಾಡು ನುಂಗಿದೆ, ಯಾವುದು ಎಂದು ಅಪ್ಪನಿಗೆ ಕೇಳಿದರೆ ಹೇಳುತ್ತಾರೆ.

ಇನ್ನು "ಯಾರೂ ಮಾತಾಡಲ್ಲ" ಎಂಬ ದೂರು. ಇದಕ್ಕೆ 'ಕಾಡು' ಮತ್ತು 'ಘಟಶ್ರಾದ್ಧ' ಒಳ್ಳೆಯ ಉತ್ತರ, ಏಕೆಂದರೆ ಎರಡನ್ನೂ ನಾವು ಒಬ್ಬ ಹುಡುಗನ ಎತ್ತರದಿಂದ ನೋಡುತ್ತೇವೆ. ದೊಡ್ಡವರ ಮನೆಯಲ್ಲಿ ಏನೋ ಕೆಟ್ಟದ್ದು ನಡೆಯುತ್ತಿದೆ, ಹುಡುಗನಿಗೆ ಯಾರೂ ಹೇಳುವುದಿಲ್ಲ, "ಹೋಗು, ಆಚೆ ಆಟ ಆಡ್ಕೋ" ಅನ್ನುತ್ತಾರೆ. ಅವನು ಬಾಗಿಲ ಸಂದಿಯಲ್ಲಿ ನಿಂತು ಅರ್ಧ ಕೇಳಿಸಿಕೊಳ್ಳುತ್ತಾನೆ. ನಿಮಗೆ ನಿಧಾನ ಅನ್ನಿಸುವುದು ಆ ಕಾಯುವಿಕೆ. 'ಕಾಡು'ವಿನ ಕಿಟ್ಟಿಗೆ ಕಾಡಿನಲ್ಲಿ ಹೆಸರು ಹಿಡಿದು ಕೂಗುವ ಹಕ್ಕಿಯ ಭಯ, ಓಗೊಟ್ಟರೆ ಸತ್ತಂತೆ. ಅತ್ತ ಅಮರೀಶ್ ಪುರಿಯ ಚಂದ್ರೇಗೌಡ ರಾತ್ರಿಯಾದರೆ ಪಕ್ಕದೂರಿನ ಹೆಣ್ಣಿನ ಮನೆಗೆ ಹೊರಡುತ್ತಾನೆ, ಹೆಂಡತಿ ಕಮಲಿ ಬಾಗಿಲಲ್ಲಿ ಕಾಯುತ್ತಾಳೆ. ಈ ಕಾಯುವುದನ್ನೇ ಅಭಿನಯಿಸಿ ನಂದಿನಿ ಭಕ್ತವತ್ಸಲ ರಾಷ್ಟ್ರಪ್ರಶಸ್ತಿ ಪಡೆದರು. ಹಕ್ಕಿಯ ಕೂಗು ನಿಜವೋ ಹುಡುಗನ ಕಲ್ಪನೆಯೋ ಎಂದು ಚಿತ್ರ ಹೇಳುವುದಿಲ್ಲ. ಭಯದ ಚಿತ್ರ ಇಷ್ಟಪಡುವ ನಿಮ್ಮ ಗೆಳೆಯರಿದ್ದರೆ ಅವರಿಗೆ ಇದನ್ನು ಕಲಾತ್ಮಕ ಚಿತ್ರ ಎಂದು ಹೇಳದೆ ತೋರಿಸಿ.

'ಘಟಶ್ರಾದ್ಧ'ವನ್ನು ನಾನು ಮೊದಲು ನೋಡಿದ್ದು ಫಿಲ್ಮ್ ಸೊಸೈಟಿಯ 16 ಎಂ.ಎಂ. ಪ್ರೊಜೆಕ್ಟರಿನಲ್ಲಿ. ರೀಲು ಬದಲಿಸುವಾಗ ದೀಪ ಹಾಕುತ್ತಿದ್ದರು, ಸಭಾಂಗಣದಲ್ಲಿ ಯಾರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ವೇದಪಾಠಕ್ಕೆಂದು ಬಂದ ಪುಟ್ಟ ನಾಣಿಗೆ ಆ ಮನೆಯಲ್ಲಿ ಅಕ್ಕರೆ ತೋರುವವಳು ಉಡುಪರ ವಿಧವೆ ಮಗಳು ಯಮುನಾ. ಅವಳು ಬಸಿರಾಗಿದ್ದಾಳೆ. ನಾಣಿಗೆ ಅದು ಅರ್ಥವಾಗುವುದಿಲ್ಲ, ಆದರೂ ಅವಳ ಪಕ್ಷ ಹಿಡಿಯುತ್ತಾನೆ. ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡಿ, ತಲೆ ಬೋಳಿಸಿ ಹೊರಹಾಕುವವರೆಗೆ ಕಥೆ ಹೋಗುತ್ತದೆ. ಗಿರೀಶ ಕಾಸರವಳ್ಳಿಯವರಿಗೆ ಇದು ಮೊದಲ ಚಿತ್ರ, ವಯಸ್ಸು ಆಗ ನಿಮ್ಮಷ್ಟೇ. ಕ್ಯಾಮೆರಾ ಎಸ್. ರಾಮಚಂದ್ರ ಅವರದು. ಈ ಹೆಸರು ನಿಮಗೆ ಹೊಸದಿರಬಹುದು, ಅವರ ಕೆಲಸ ಹೊಸದಲ್ಲ. 'ಮಾಲ್ಗುಡಿ ಡೇಸ್' ಕಂಡದ್ದು ಅದೇ ಕಣ್ಣಿನಲ್ಲಿ. 2024ರಲ್ಲಿ ವೆನಿಸ್‌ಗೆ ಹೋದ ಪ್ರತಿಯನ್ನು ಸಂಗ್ರಹಾಲಯದಲ್ಲಿ ಉಳಿದಿದ್ದ ಮೂಲ ಕ್ಯಾಮೆರಾ ನೆಗೆಟಿವ್‌ನಿಂದಲೇ ಸರಿಪಡಿಸಿದ್ದು. ಹಳೆಯ ಚಿತ್ರಗಳನ್ನು ಉಳಿಸುವ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಕಟ್ಟಿದ ಸಂಸ್ಥೆ ಸೇರಿ ಮಾಡಿದ ಕೆಲಸ. ಅದು ಎಲ್ಲಾದರೂ ಪರದೆಗೆ ಬಂದರೆ ರಜೆ ಹಾಕಿ ಹೋಗಿ. ಕತ್ತಲು ಈ ಚಿತ್ರದಲ್ಲಿ ಒಂದು ಪಾತ್ರ. ಅಂತರ್ಜಾಲದಲ್ಲಿ ಓಡಾಡುವ ಮಸುಕು ಪ್ರತಿಗಳಲ್ಲಿ ಆ ಕತ್ತಲು ಬರೀ ಬೂದು ಬಣ್ಣ.

ಇದಕ್ಕೆ ಜೋಡಿಯಾಗಿ ನಾನು ಸೂಚಿಸುವುದು ಪ್ರೇಮಾ ಕಾರಂತರ 'ಫಣಿಯಮ್ಮ' (1983). ಎಂ.ಕೆ. ಇಂದಿರಾ ಅವರ ಕಾದಂಬರಿ. ಮರೆತವುಗಳಲ್ಲಿ ಯಾವುದಾದರೂ ಒಂದನ್ನೇ ಉಳಿಸು ಎಂದು ನನ್ನನ್ನು ಕೇಳಿದರೆ ಇದನ್ನು ಉಳಿಸುತ್ತೇನೆ. ಹೆಸರಿಗೆ ಮದುವೆಯಾಗಿ ಬಾಲ್ಯದಲ್ಲೇ ವಿಧವೆಯಾದ ಹುಡುಗಿ, ಮಡಿಯೊಳಗೇ ನೂರು ದಾಟಿ ಬದುಕುವ ಮುದುಕಿ. ಯಮುನಾಳ ಬೋಳುತಲೆ ನಮ್ಮನ್ನು ಬೆಚ್ಚಿಸುತ್ತದೆ. ಫಣಿಯಮ್ಮನದು ಅಭ್ಯಾಸವಾಗಿಬಿಟ್ಟ ಬೋಳುತಲೆ. ಆ ಮುದುಕಿ ಕೂಗಾಡುವುದಿಲ್ಲ. ಆದರೆ ಹೆರಿಗೆಯ ನೋವಿನಲ್ಲಿರುವ, ಮುಟ್ಟಬಾರದ ಜಾತಿಯ ಹೆಣ್ಣಿನ ಮನೆಗೆ ಹೋಗುತ್ತಾಳೆ. ತಲೆ ಬೋಳಿಸಿಕೊಳ್ಳಲು ಒಲ್ಲೆ ಎಂದ ದಾಕ್ಷಾಯಣಿಯ ಬೆನ್ನಿಗೆ ನಿಲ್ಲುತ್ತಾಳೆ. ಎಲ್.ವಿ. ಶಾರದಾ ಈ ಪಾತ್ರದಲ್ಲಿ ಮುಖವನ್ನು ಎಷ್ಟು ಕಡಿಮೆ ಅಲುಗಿಸುತ್ತಾರೆಂದರೆ ತುಟಿ ಸ್ವಲ್ಪ ಕೊಂಕಿದರೂ ನಮಗೆ ಸುದ್ದಿ. ಹೊಸ ಅಲೆಯ ಗಂಡಸರ ಚಿತ್ರಗಳಲ್ಲಿ ವಿಧವೆ ಎಂದರೆ ನಾಶವಾಗುವವಳು. ಇಲ್ಲಿ ಎಲ್ಲರಿಗಿಂತ ಹೆಚ್ಚು ಬದುಕುವವಳು. ಈ ವ್ಯತ್ಯಾಸದ ಬಗ್ಗೆ ನಮ್ಮಲ್ಲಿ ಸಾಕಷ್ಟು ಬರೆದಿಲ್ಲ ಎಂಬುದು ನನ್ನ ತಕರಾರು.

ಶಂಕರ್ ನಾಗ್ ಅವರ 'ಆಕ್ಸಿಡೆಂಟ್' (1985) ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ, ಹೊಸಬರು ಈಗ ತಾವಾಗಿಯೇ ಹುಡುಕಿಕೊಂಡು ನೋಡುತ್ತಿದ್ದಾರೆ. ಹಾಡಿಲ್ಲ, ಇಳಯರಾಜಾ ಹಿನ್ನೆಲೆ ಸಂಗೀತ, ಫುಟ್‌ಪಾತಿನಲ್ಲಿ ಮಲಗಿದವರ ಮೇಲೆ ಹರಿದ ಕಾರು, ಕಾರಿನಲ್ಲಿದ್ದವನು ರಾಜಕಾರಣಿಯ ಮಗ. ಬೆಳಗಿನ ಪತ್ರಿಕೆ ಪಕ್ಕದಲ್ಲಿಟ್ಟುಕೊಂಡು ನೋಡಬಹುದು.

ಹೇಗೆ ನೋಡಬೇಕು ಎಂಬುದಕ್ಕೂ ಒಂದೆರಡು ಮಾತು. ಉಚಿತವಾಗಿ ಸಿಗುವ ಪ್ರತಿಗಳಲ್ಲಿ ಬಹಳಷ್ಟು ಟೀವಿಗಾಗಿ ಕತ್ತರಿಸಿದವು. ಮೂಲೆಯಲ್ಲಿ ಲೋಗೋ, ಪರದೆ ತುಂಬಲೆಂದು ಹಿಗ್ಗಿಸಿದ ಮುಖಗಳು. ಒಂದೇ ಚಿತ್ರದ ಎರಡು ಮೂರು ಪ್ರತಿ ಇದ್ದರೆ ಅವಧಿ ಹೆಚ್ಚಿರುವುದನ್ನು, ಪಕ್ಕಗಳಲ್ಲಿ ಕಪ್ಪು ಪಟ್ಟಿ ಇರುವುದನ್ನು ಆರಿಸಿ, ಅದು ಮೂಲ ಅಳತೆಗೆ ಹತ್ತಿರ. ಮಾತು ಗೊಗ್ಗರಾಗಿ ಕೇಳಿದರೆ ಇಯರ್‌ಫೋನ್ ಬೇಡ, ಹೊರಗಿನ ಸ್ಪೀಕರ್ ಹಾಕಿ. ನೀವು ಬೆಂಗಳೂರಿಗೆ ಬಂದು ಹೋಗುವವರಾದರೆ ಚಿತ್ರೋತ್ಸವದ ಹಳೆಯ ಚಿತ್ರಗಳ ವಿಭಾಗದ ಮೇಲೂ, ಬನಶಂಕರಿಯ ಸುಚಿತ್ರ ಫಿಲ್ಮ್ ಸೊಸೈಟಿಯ ಕಾರ್ಯಕ್ರಮಗಳ ಮೇಲೂ ಒಂದು ಕಣ್ಣಿಡಿ. ಕಾದಂಬರಿ ಓದಿ ಆಮೇಲೆ ಚಿತ್ರ ನೋಡಬೇಕೆಂಬ ನಿಯಮ ಇಟ್ಟುಕೊಳ್ಳಬೇಡಿ. ಹಾಗೆ ಮಾಡಿದವರು ಚಿತ್ರದುದ್ದಕ್ಕೂ ಬಿಟ್ಟುಹೋದ ಪುಟಗಳನ್ನೇ ಎಣಿಸುತ್ತ ಕೂರುತ್ತಾರೆ.

ಅಪ್ಪನ ಜೊತೆಗೆ ನೋಡುವುದಾದರೆ 'ಗೆಂಡೆತಿಮ್ಮ'ನಿಂದ ಶುರು ಮಾಡಿ. ಹಾಡು ಬರುವಾಗ ಅವರು ಜೊತೆಗೆ ಹಾಡಲಿ, ತಡೆಯಬೇಡಿ. ಮುಂದಿನ ವಾರ 'ಅಯ್ಯು', ಅದೇ ನಟ ಎಂದು ಹೇಳಿ ಕೂರಿಸಿ. ಅದರ ಮುಂದಿನ ವಾರ 'ಕಾಡು', ಲೋಕೇಶ್ ಇದ್ದಾರೆ ಅನ್ನಿ, ಪ್ರಶಸ್ತಿಯ ಸುದ್ದಿ ಎತ್ತಬೇಡಿ. ಭಾನುವಾರ ಮಧ್ಯಾಹ್ನ ಮಾತ್ರ ಬೇಡ, ರಾತ್ರಿ ಊಟಕ್ಕೆ ಮುಂಚೆ ಹಾಕಿ.